ನಮ್ಮದೇ ನೆಲದ ತೈಲ ತೆಗೆಯಲು ವಿರೋಧವೇಕೆ?

ಸುರತ್ಕಲ್‌ನಿಂದ ಪ್ರಶ್ನೆ:
ನಮ್ಮ ಮನೆಯ ಮಹಡಿ ಹತ್ತಿದರೆ ತೈಲ ಶುದ್ಧೀಕರಣ ಘಟಕದ ಜ್ವಾಲೆ ಕಾಣುತ್ತದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದು. ಹೀಗಿರುವಾಗ ಇಲ್ಲಿಯೇ ಬಾವಿ ಕೊರೆಯಲು ಹೊರಟರೆ ಅಸ್ಸಾಂ, ತಮಿಳುನಾಡುಗಳಲ್ಲಿ ಜನ ಬೀದಿಗಿಳಿಯುತ್ತಾರೆ. ಇದು ಬರಿಯ ರಾಜಕೀಯವೇ? ಬಲ್ಲವರು ತಿಳಿಸಿ.

ನಿವೃತ್ತ ರಿಗ್ ಮೆಕ್ಯಾನಿಕ್, ಸಾಗರ:
ಮೇಲಣ ಅಸ್ಸಾಮಿನಲ್ಲಿ ತೈಲ ಬಾವಿ ಕೊರೆಯುವ ರಿಗ್‌ಗಳಲ್ಲಿ 19 ವರ್ಷ ದುಡಿದವನು ನಾನು. ಮಕ್ಕಳು ಓದಿದ್ದು ಆ ಸಂಬಳದಲ್ಲಿ. ಕೊರೆಯುವುದೇ ಬೇಡ ಎನ್ನಲಾರೆ. ಆದರೆ ಬಾವಿಯ ಪಕ್ಕದವರ ಭಯ ಸುಳ್ಳಲ್ಲ. ಕೊರೆಯುವಾಗ ಒಳಗಿನ ಅನಿಲ ಮೇಲಕ್ಕೆ ತಳ್ಳಿದರೆ ಮಡ್ (ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ) ತೊಟ್ಟಿಯ ಮಟ್ಟ ಬೆರಳಷ್ಟು ಏರುತ್ತದೆ. ಅದನ್ನು ಕಂಡ ಕ್ಷಣ ರಿಗ್ ಮೇಲೆ ಮಾತು ನಿಲ್ಲುತ್ತಿತ್ತು. ಎಲ್ಲರ ಕಣ್ಣು ಬಾವಿಯ ಬಾಯಿಗೆ ಕೂರಿಸಿದ, ಅನಿಲ ನುಗ್ಗಿದರೆ ಅದನ್ನು ಮುಚ್ಚಿಬಿಡುವ ಬಿಒಪಿ ಕವಾಟದ ಮೇಲೆ.

2020ರ ಮೇ 27ರಂದು ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್‌ನ 5ನೇ ಬಾವಿ ಸಿಡಿದು ಅನಿಲ ಹತೋಟಿ ಮೀರಿ ಉಕ್ಕತೊಡಗಿತು. ಜೂನ್ 9ರಂದು ಹೊತ್ತಿಕೊಂಡ ಬೆಂಕಿ ಪೂರ್ತಿ ಆರಿದ್ದು ನವೆಂಬರ್‌ನಲ್ಲಿ. ಅಗ್ನಿಶಾಮಕ ಸಿಬ್ಬಂದಿ ಇಬ್ಬರು ಸತ್ತರು, ಸಾವಿರಾರು ಜನ ಶಿಬಿರ ಸೇರಿದರು. ಪಕ್ಕದ ಮಾಗುರಿ ಬೀಲ್ ಎಂಬ ಜೌಗು ಕೆರೆಯ ನೀರಿನ ಮೇಲೆ ಎಣ್ಣೆ ಹರಡಿತು. ಎಷ್ಟೋ ಭಾನುವಾರ ಆ ದಂಡೆಯಲ್ಲಿ ನಾನು ಮೀನು ಕೊಂಡಿದ್ದೇನೆ. ಆ ಚಿತ್ರ ನೋಡಿದ ದಿನ ಊಟ ಸೇರಲಿಲ್ಲ.

ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರ ಪರಿಶೋಧನಾ ಬಾವಿಗಳನ್ನು (ತೈಲವಿದೆಯೇ ಎಂದು ನೋಡಲು ಕೊರೆಯುವಂಥವು) ಪರಿಸರ ಅನುಮತಿಯ ‘ಬಿ2’ ವರ್ಗಕ್ಕೆ ಸೇರಿಸಿತು. ಇದರಿಂದ ಊರಿನವರ ಅಹವಾಲು ಕೇಳುವ ಸಭೆಯೇ ಕಡ್ಡಾಯವಲ್ಲದಂತಾಯಿತು. ನನ್ನ ಸಿಟ್ಟು ಇದರ ಮೇಲೆ.

ಮೈಸೂರಿನ ಓದುಗಿ:
ನಮ್ಮಕ್ಕನನ್ನು ತಮಿಳುನಾಡಿನ ತಿರುವಾರೂರಿಗೆ ಕೊಟ್ಟಿದೆ. ನಮ್ಮ ಕಾವೇರಿಯೇ ಅವರ ಗದ್ದೆಗೂ ನೀರು. 2017ರಲ್ಲಿ ಅದೇ ರಾಜ್ಯದ ನೆಡುವಾಸಲ್ ಊರಿನಲ್ಲಿ ಹೈಡ್ರೋಕಾರ್ಬನ್ (ತೈಲ, ಅನಿಲ ತೆಗೆಯುವ) ಯೋಜನೆ ವಿರೋಧಿಸಿ ಕೂತವರಲ್ಲಿ ಎಲ್ಲ ಪಕ್ಷದವರೂ, ಯಾವ ಪಕ್ಷಕ್ಕೂ ಸೇರದ ಹೆಂಗಸರೂ ಇದ್ದರು. 2020ರಲ್ಲಿ ತಮಿಳುನಾಡು ಸರ್ಕಾರ ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾನೂನು ಮಾಡಿತು. ಆದರೂ ಹಳೆಯ ಬಾವಿಗಳು ನಡೆಯುತ್ತಲೇ ಇವೆ.

ಹುಬ್ಬಳ್ಳಿಯಿಂದ:
ಒಪ್ಪುವುದು ಕಷ್ಟ. 2011-12ರಲ್ಲಿ ಸುಮಾರು 38 ದಶಲಕ್ಷ ಟನ್ ಇದ್ದ ನಮ್ಮ ಉತ್ಪಾದನೆ 2022-23ಕ್ಕೆ 29ಕ್ಕೆ ಇಳಿದಿದೆ. ಸಭೆ, ಅಹವಾಲು ಎನ್ನುತ್ತಾ ಕೂತರೆ ಇನ್ನೂ ಇಳಿಯುತ್ತದೆ.

ನಿವೃತ್ತ ರಿಗ್ ಮೆಕ್ಯಾನಿಕ್:
ಇಳಿಯುತ್ತಿರುವುದು ಸಭೆಗಳಿಂದಲ್ಲ ಸರ್, ಬಾವಿಗಳಿಗೆ ವಯಸ್ಸಾಗಿದೆ. ಮುಂಬೈ ಕರಾವಳಿಯಾಚೆ ಸಮುದ್ರದಲ್ಲಿರುವ ತೈಲ ಕ್ಷೇತ್ರ ಬಾಂಬೆ ಹೈ ಪತ್ತೆಯಾದದ್ದೇ 1974ರಲ್ಲಿ. ಹೊಸದು ಕೊರೆಯಲೇಬೇಕು, ಕೊರೆಯಲಿ. ಅಹವಾಲಿಗೆ ಕೆಲವು ತಿಂಗಳು ಹಿಡಿದರೆ ಹಿಡಿಯಲಿ. ಬಾಘ್‌ಜಾನ್ ಐದು ತಿಂಗಳು ಉರಿಯಿತು.