ಆಸ್ಪತ್ರೆ ಪಾರ್ಕಿಂಗಿನಲ್ಲಿ ಹತ್ತು ರಾತ್ರಿ: ಸಣ್ಣ ಕಾರಿನಲ್ಲಿ ಕಾಲು ನೀಡಿ ಮಲಗುವುದು ಹೇಗೆ?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಮ್ಮನಿಗೆ ಬೆಂಗಳೂರಿನಲ್ಲಿ ಆಪರೇಷನ್. ಹತ್ತು ಹನ್ನೆರಡು ದಿನ ಇರಬೇಕಾಗುತ್ತದೆ ಎಂದಿದ್ದಾರೆ. ರಾತ್ರಿ ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಅವಕಾಶ, ಅಲ್ಲಿ ತಂಗಿ ಇರುತ್ತಾಳೆ. ನಾನು ಹತ್ತಿರದಲ್ಲೇ ಇರಬೇಕು. ಯಾವ ಹೊತ್ತಿನಲ್ಲಿ ಔಷಧಿ ತನ್ನಿ, ರಕ್ತ ಬೇಕು ಅಂತ ಕರೆಯುತ್ತಾರೋ ಗೊತ್ತಿಲ್ಲ. ಅಷ್ಟೂ ದಿನ ರೂಮು ಮಾಡುವ ಶಕ್ತಿ ಇಲ್ಲ. ಹಳೆಯ ವ್ಯಾಗನ್ ಆರ್ ಇದೆ. ನನ್ನ ಎತ್ತರ 5 ಅಡಿ 7 ಇಂಚು. ಸಣ್ಣ ಕಾರಿನಲ್ಲಿ ಸರಿಯಾಗಿ ನಿದ್ದೆ ಮಾಡಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿಕೊಂಡಿರಿ?

ದಾವಣಗೆರೆಯಿಂದ

ಮೊದಲು, ಅಮ್ಮ ಬೇಗ ಹುಷಾರಾಗಲಿ.

ಎರಡು ವರ್ಷದ ಹಿಂದೆ ಅಪ್ಪನಿಗಾಗಿ ನಾನೂ ಹದಿನೇಳು ರಾತ್ರಿ ಕಾರಿನಲ್ಲೇ ಕಳೆದೆ. ಅದೂ ವ್ಯಾಗನ್ ಆರ್. ಮೊದಲ ಮೂರು ರಾತ್ರಿ ಡ್ರೈವರ್ ಸೀಟನ್ನೇ ವಾಲಿಸಿಕೊಂಡು ಮಲಗಿದೆ. ನಾಲ್ಕನೇ ದಿನ ಬೆಳಗ್ಗೆ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗಲೇ ಇಲ್ಲ. ಕಾಲು ಇಳಿಬಿಟ್ಟುಕೊಂಡು ಮಲಗಿದರೆ ಹಾಗೇ ಆಗುವುದು. ನೀವು ಮೊದಲ ದಿನದಿಂದಲೇ ಕಾಲು ನೀಡಿ ಮಲಗಿ.

ಎಡಗಡೆ ಮುಂದಿನ ಸೀಟಿನ ಹೆಡ್‌ರೆಸ್ಟ್ ಕಿತ್ತು ಡಿಕ್ಕಿಗೆ ಹಾಕಿ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯಿರಿ. ಆಮೇಲೆ ಬೆನ್ನು ಒರಗುವ ಭಾಗವನ್ನು ಪೂರ್ತಿ ಹಿಂದಕ್ಕೆ ಬೀಳಿಸಿ. ಅದರ ತುದಿ ಹೋಗಿ ಹಿಂದಿನ ಸೀಟಿಗೆ ಕೂಡಿಕೊಳ್ಳುತ್ತದೆ. ತಲೆ ಹಿಂದಿನ ಸೀಟಿನ ಕಡೆ, ಕಾಲು ಡ್ಯಾಶ್‌ಬೋರ್ಡ್ ಕಡೆ. ನನ್ನ ಎತ್ತರವೂ ಹೆಚ್ಚುಕಡಿಮೆ ನಿಮ್ಮಷ್ಟೇ. ಹಿಮ್ಮಡಿ ಸೀಟಿನ ಅಂಚಿನಿಂದ ಸ್ವಲ್ಪ ಆಚೆ ಬರುತ್ತಿತ್ತು. ಕೆಳಗೆ ಬಟ್ಟೆಯ ಬ್ಯಾಗ್ ನಿಲ್ಲಿಸಿ ಅದರ ಮೇಲೆ ಇಟ್ಟುಕೊಂಡೆ.

ಇಷ್ಟಕ್ಕೇ ಹಾಸಿಗೆ ಆಯಿತು ಅಂದುಕೊಳ್ಳಬೇಡಿ. ಸೀಟು ನೋಡುವುದಕ್ಕೆ ಮಟ್ಟವಾಗಿ ಕಂಡರೂ ಸೊಂಟ ಬರುವ ಕಡೆ ಒಂದು ತಗ್ಗು, ಎರಡು ಸೀಟು ಕೂಡುವ ಕಡೆ ಇನ್ನೊಂದು ತಗ್ಗು ಇರುತ್ತದೆ. ಬೆನ್ನುನೋವು ಬರುವುದು ಅಲ್ಲಿಂದಲೇ. ಅಂಗಾತ ಮಲಗಿ, ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿ. ಕೈ ಆರಾಮಾಗಿ ಒಳಗೆ ಹೋದರೆ ಅಲ್ಲಿ ಇನ್ನೂ ತುಂಬಬೇಕು ಅಂತ ಅರ್ಥ. ನಾನು ಒಂದು ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿಟ್ಟೆ. ಎರಡನೇ ತಗ್ಗಿಗೆ ಅಪ್ಪನ ಹಳೆ ಶಾಲು. ಅದರ ಮೇಲೆ ಎರಡು ಇಂಚು ದಪ್ಪದ ಫೋಮ್. ಹಾಸಿಗೆ ಅಂಗಡಿಗೆ ಹೋಗಿ ನಿಮ್ಮ ಉದ್ದ ಹೇಳಿ, ಸೀಟಿನ ಅಗಲಕ್ಕೆ ಕತ್ತರಿಸಿ ಕೊಡಿ ಅನ್ನಿ. ಗಟ್ಟಿ ಫೋಮನ್ನೇ ಕೇಳಿ. ಮೆತ್ತನೆಯದು ತಗ್ಗಿನೊಳಗೆ ಕುಸಿದು, ಅದನ್ನು ತಂದದ್ದೇ ದಂಡವಾಗುತ್ತದೆ. ಊರಿನಲ್ಲೇ, ಹೊರಡುವ ಮುಂಚೆ, ಒಂದು ರಾತ್ರಿ ಮನೆ ಮುಂದೆ ಕಾರು ನಿಲ್ಲಿಸಿ ಮಲಗಿ ನೋಡಿ. ಏನೇನು ಚುಚ್ಚುತ್ತದೆ ಅನ್ನುವುದು ಆಗಲೇ ತಿಳಿಯುತ್ತದೆ.

ಕಾರನ್ನು ಒಳಗಿನಿಂದ ಕೈಯಲ್ಲೇ ಲಾಕ್ ಮಾಡಿಕೊಳ್ಳಿ. ರಿಮೋಟ್ ಒತ್ತಿ ಲಾಕ್ ಮಾಡಿದ್ದರೆ, ರಾತ್ರಿ ಒಳಗಿನಿಂದ ಬಾಗಿಲು ತೆಗೆದಾಗ ಅಲಾರಂ ಹೊಡೆದುಕೊಳ್ಳುತ್ತದೆ. ನನಗೆ ಎರಡು ಗಂಟೆ ರಾತ್ರಿಯಲ್ಲಿ ಹಾಗಾಯಿತು. ಮೇಲೆ ರೋಗಿಗಳು ಮಲಗಿದ್ದಾರೆ ಅಂತ ನೆನೆದು ಕೈಕಾಲೇ ಆಡಲಿಲ್ಲ.

ಗುಂಡ್ಲುಪೇಟೆ ಕಡೆಯಿಂದ, ಟ್ಯಾಕ್ಸಿ ಓಡಿಸುವವನು

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಅಲ್ವಾ. 2009ರಿಂದಲೂ ಹಾಗೇ ಇದೆ. 9 ದಾಟಿ ಬಂದರೆ ಗೇಟಿನ ಈಚೆ ಬೆಳಗಾಗುವುದನ್ನು ಕಾಯುವುದೊಂದೇ ದಾರಿ. ಹಾಗಾಗಿ ಕಾರಿನಲ್ಲಿ ಮಲಗುವುದು ನನಗೆ ಹೊಸದಲ್ಲ.

ನೆಲ ವಾರೆಯಾಗಿದ್ದರೆ ತಲೆ ಎತ್ತರದ ಕಡೆ ಬರುವ ಹಾಗೆ ಗಾಡಿ ನಿಲ್ಲಿಸಿ. ಸ್ವಲ್ಪವೇ ಇಳಿಜಾರು ಇದ್ದರೂ ತಲೆ ಕೆಳಗಾದರೆ ಬೆಳಗ್ಗೆ ತಲೆ ಭಾರ. ಎರಡು ಗಾಜು ಒಂದೊಂದು ಇಂಚು ಇಳಿಸಿ. ಎರಡೂ ಒಂದೇ ಪಕ್ಕದ್ದು ಬೇಡ. ಮುಂದಿನ ಎಡ ಇಳಿಸಿದರೆ ಹಿಂದಿನ ಬಲ. ಹಾಗಾದರೆ ಗಾಳಿ ಮೈಮೇಲೆ ಹಾದುಹೋಗುತ್ತದೆ. ಚಳಿ ಅಂತ ಎಲ್ಲಾ ಮುಚ್ಚಿದರೆ ನಮ್ಮ ಉಸಿರಿನ ನೀರೇ ಗಾಜಿಗೆ ಕೂತು, ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಚಳಿಗೆ ಕಂಬಳಿ ಜಾಸ್ತಿ ಹೊದೆಯಿರಿ, ಗಾಜು ಮುಚ್ಚಬೇಡಿ.

ಹುಬ್ಬಳ್ಳಿಯಿಂದ

ಇಷ್ಟೆಲ್ಲಾ ಯಾಕೆ? ನಾನು ಎಂಜಿನ್ ಆನ್ ಇಟ್ಟು ಎಸಿ ಹಾಕಿಕೊಂಡೇ ಮಲಗುತ್ತೇನೆ. ಏನೂ ಆಗಿಲ್ಲ.

ಗುಂಡ್ಲುಪೇಟೆ ಕಡೆಯಿಂದ, ಟ್ಯಾಕ್ಸಿ ಓಡಿಸುವವನು

ಸರ್, ಕೈಮುಗಿದು ಕೇಳುತ್ತೇನೆ, ಅದೊಂದು ಮಾಡಬೇಡಿ. ಸೈಲೆನ್ಸರ್‌ನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಎಲ್ಲೋ ಒಂದು ಕಡೆ ಪೈಪ್ ತೂತಾಗಿದ್ದರೆ, ಅಥವಾ ಗೋಡೆಗೆ ಒತ್ತಿ ನಿಲ್ಲಿಸಿದ್ದರೆ, ಅದು ಒಳಗೆ ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ, ಹಾಗೇ ಪ್ರಾಣ ಹೋಗುತ್ತದೆ. ಇಷ್ಟು ದಿನ ಏನೂ ಆಗಿಲ್ಲ ಅನ್ನುವುದು ನಾಳೆಗೆ ಗ್ಯಾರಂಟಿ ಅಲ್ಲ. ಮುಚ್ಚಿದ ಕಾರಿನೊಳಗೆ ಸೊಳ್ಳೆಬತ್ತಿ, ಸ್ಟವ್, ಕೆಂಡ ಕೂಡ ಬೇಡವೇ ಬೇಡ.

ದಾವಣಗೆರೆಯಿಂದ

ಇವರು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಇನ್ನೊಂದು ಮಾತು. ಆಸ್ಪತ್ರೆಯ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಮಲಗಬೇಡಿ. ತಂಪಾಗಿರುತ್ತದೆ, ಮಳೆ ಬೀಳಲ್ಲ, ನಿಜ. ಆದರೆ ರಾತ್ರಿಯೆಲ್ಲಾ ಬಂದು ಹೋಗುವ ಗಾಡಿಗಳ ಹೊಗೆ ಅಲ್ಲೇ ನಿಲ್ಲುತ್ತದೆ. ಅದಕ್ಕಿಂತ ಮುಖ್ಯ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ನೀವು ಕಾರಿನಲ್ಲಿ ಮಲಗುತ್ತಿರುವುದೇ ತಂಗಿ ಫೋನ್ ಮಾಡಿದರೆ ಓಡಲಿಕ್ಕೆ. ಸಿಗ್ನಲ್ ಇಲ್ಲದಿದ್ದರೆ ಊರಿನಲ್ಲೇ ಮಲಗಿದ್ದಕ್ಕೂ ಅಲ್ಲಿ ಮಲಗಿದ್ದಕ್ಕೂ ಏನು ವ್ಯತ್ಯಾಸ? ನಿಲ್ಲಿಸಿದ ಜಾಗದಲ್ಲಿ ಮೊದಲು ತಂಗಿಯಿಂದ ಒಂದು ಕಾಲ್ ಮಾಡಿಸಿ ನೋಡಿ. ಆಮೇಲೆ ಸೀಟು ಬಿಚ್ಚಿ.

ಮೈಸೂರಿನಿಂದ, ಹೊಲಿಗೆ ಗೊತ್ತಿರುವವಳು

ಗಾಜು ಇಳಿಸಿದರೆ ಸೊಳ್ಳೆ. ಅದಕ್ಕೆ ನಾನು ಮಾಡಿದ್ದು ಹೇಳುತ್ತೇನೆ. ಸೊಳ್ಳೆ ಪರದೆಯ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕಾರಿನ ಹಿಂದಿನ ಬಾಗಿಲು ತೆಗೆದು, ಗಾಜಿನ ಸುತ್ತ ಇರುವ ಚೌಕಟ್ಟನ್ನು ಅಳೆಯಿರಿ. ಅದಕ್ಕಿಂತ ಎರಡು ಇಂಚು ಜಾಸ್ತಿ ಇಟ್ಟುಕೊಂಡು ದೊಡ್ಡ ದಿಂಬಿನ ಕವರ್ ಹಾಗೆ ಹೊಲಿಸಿ. ಕೆಳಗಿನ ಬಾಯಿಗೆ ಎಲಾಸ್ಟಿಕ್. ಬಾಗಿಲು ತೆಗೆದು ಮೇಲಿನಿಂದ ತೊಡಿಸಿ, ಬಾಗಿಲು ಹಾಕಿ, ಆಮೇಲೆ ಗಾಜು ಇಳಿಸಿ. ಒಂದು ಸೊಳ್ಳೆಯೂ ಬರಲ್ಲ. ಅಂಥವು ಎರಡು ಸಾಕು.

ಇನ್ನು ಬೆಳಕು. ಆಸ್ಪತ್ರೆ ಅಂದಮೇಲೆ ರಾತ್ರಿಯೆಲ್ಲಾ ದೀಪ. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಬಿಸಿಲು ಪರದೆ ಇಡಿ. ಪಕ್ಕಕ್ಕೆ, ಒಳಗಡೆ ಮೇಲಿರುವ ಹಿಡಿಗಳಿಗೆ ಕಡುಬಣ್ಣದ ಲುಂಗಿ ಕಟ್ಟಿ. ಕಪ್ಪು ಫಿಲ್ಮ್ ಅಂಟಿಸಿಬಿಡಿ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. 2012ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಬೇಡ ಅಂದಿದೆ. ಲುಂಗಿಯನ್ನೂ ಗಾಡಿ ತೆಗೆಯುವ ಮುಂಚೆ ಬಿಚ್ಚಿಡಿ, ಪಕ್ಕ ಕಾಣಬೇಕು.

ಶಿವಮೊಗ್ಗದಿಂದ

ನಮ್ಮದು ಸಿಎನ್‌ಜಿ ಕಾರು. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ಹಿಂದಿನ ಸೀಟು ಮಡಚಿ ಡಿಕ್ಕಿವರೆಗೂ ಮಲಗುವ ವಿಡಿಯೊ ನೋಡಿ ಯಾರೂ ಆಸೆ ಪಡಬೇಡಿ. ನಮ್ಮಂಥವರಿಗೆ ಮೇಲೆ ಹೇಳಿದ ಮುಂದಿನ ಸೀಟಿನ ದಾರಿಯೇ ಸರಿ.

ಫ್ಯಾನಿನ ಲೆಕ್ಕ ಒಂದು ಹೇಳುತ್ತೇನೆ. ಕಾರಿನ ಬ್ಯಾಟರಿಯಿಂದ ರಾತ್ರಿಯೆಲ್ಲಾ ಏನನ್ನೂ ಓಡಿಸಬೇಡಿ, ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಕಷ್ಟ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಫ್ಯಾನ್ ತಗೊಳ್ಳಿ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74 ವಾಟ್ ಅವರ್. ನಷ್ಟ ಎಲ್ಲಾ ಕಳೆದು 50 ಸಿಕ್ಕರೂ, 4 ವಾಟ್ ಫ್ಯಾನ್ ಹನ್ನೆರಡು ಗಂಟೆ ತಿರುಗುತ್ತದೆ. ಹಗಲು ವಾರ್ಡಿನಲ್ಲಿ ಚಾರ್ಜ್ ಹಾಕಿಕೊಂಡರಾಯಿತು. ಬಾಗಿಲು ತೆಗೆದಾಗ ಹತ್ತುವ ಒಳಗಿನ ಲೈಟನ್ನೂ ಆಫ್ ಮಾಡಿಡಿ.

ಕಲಬುರಗಿಯಿಂದ

ತಮ್ಮಾ, ನಾನು ನಮ್ಮೆಜಮಾನರ ಜೊತೆ ಆಸ್ಪತ್ರೆಯಲ್ಲಿ ತಿಂಗಳು ಕಳೆದವಳು. ಹಾಸಿಗೆ ವಿಷಯ ಎಲ್ಲರೂ ಹೇಳಿದರು. ನಾನು ಬೇರೆ ಹೇಳುತ್ತೇನೆ.

ಮೊದಲ ಸಂಜೆಯೇ ಸೆಕ್ಯುರಿಟಿ ಅಣ್ಣನ ಹತ್ತಿರ ಹೋಗಿ, ಇಂಥ ವಾರ್ಡು, ಇಂಥ ಬೆಡ್, ಅಮ್ಮ ಒಳಗಿದ್ದಾಳೆ, ರಾತ್ರಿ ಕಾರಿನಲ್ಲೇ ಇರುತ್ತೇನೆ ಅಂತ ಹೇಳಿ. ಕೇಳದೆ ಮಲಗಿದರೆ ನಡುರಾತ್ರಿ ಗಾಜು ಬಡಿಯುತ್ತಾರೆ. ಹೇಳಿ ಮಲಗಿದರೆ ಅವರೇ ಕಾಯುತ್ತಾರೆ. ಅಟೆಂಡರುಗಳ ಬಚ್ಚಲಿಗೆ ಬೆಳಗ್ಗೆ ಐದಕ್ಕೆ ಹೋಗಿಬಿಡಿ. ಆರಾದರೆ ಸಾಲು. ಆಸ್ಪತ್ರೆಯಲ್ಲಿ ಜೊತೆಗಿರುವವರಿಗೆ ಅಂತ ಡಾರ್ಮಿಟರಿ ಇದೆಯಾ, ಹತ್ತಿರದಲ್ಲಿ ಛತ್ರ ಇದೆಯಾ, ಅದನ್ನೂ ವಿಚಾರಿಸಿ.

ಮೂರು ರಾತ್ರಿ ಕಾರಾದರೆ ನಾಲ್ಕನೆಯದು ಎಲ್ಲಾದರೂ ಒಂದು ಮಂಚದ ಮೇಲೆ ಮಲಗು. ಇದು ಖರ್ಚಲ್ಲ. ಅಮ್ಮನನ್ನು ನೋಡಿಕೊಳ್ಳುವವನು ನೀನು, ಊರಿಗೆ ವಾಪಸ್ ಗಾಡಿ ಓಡಿಸುವವನೂ ನೀನೇ.

ಕೇಳಿದವನು, ಮೂರು ವಾರದ ನಂತರ

ಎಲ್ಲರಿಗೂ ನಮಸ್ಕಾರ. ಮೊನ್ನೆ ಡಿಸ್ಚಾರ್ಜ್ ಆಯಿತು. ಅಮ್ಮ ಮನೆಯಲ್ಲಿದ್ದಾಳೆ, ಎದ್ದು ಓಡಾಡುತ್ತಿದ್ದಾಳೆ.

ಒಟ್ಟು ಹದಿಮೂರು ರಾತ್ರಿ. ಹತ್ತು ಕಾರಿನಲ್ಲಿ, ಮೂರು ಡಾರ್ಮಿಟರಿಯಲ್ಲಿ. ಕಲಬುರಗಿ ಅಕ್ಕ ಹೇಳದಿದ್ದರೆ ಅಲ್ಲಿ ಡಾರ್ಮಿಟರಿ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಫೋಮ್ ಹಾಕಿ ಅಂಗೈ ತೂರಿಸಿ ನೋಡಿದೆ. ನನಗೆ ಜಮಖಾನ ಆರು ಮಡಿಕೆ ಬೇಕಾಯಿತು. ಒಂದು ಮಾತು ನಾನೂ ಸೇರಿಸುತ್ತೇನೆ. ಬೆಳಗ್ಗೆ ಎದ್ದ ತಕ್ಷಣ ಹಾಸಿಗೆ ಸುತ್ತಿಡಬೇಡಿ. ನಾಲ್ಕೂ ಬಾಗಿಲು ತೆಗೆದು ಅರ್ಧ ಗಂಟೆ ಗಾಳಿಗೆ ಬಿಡಿ. ಎರಡು ದಿನ ಹಾಗೇ ಸುತ್ತಿಟ್ಟಿದ್ದಕ್ಕೆ ಫೋಮ್ ಮುಗ್ಗಲು ವಾಸನೆ ಹೊಡೆಯಿತು.

ಐದನೇ ರಾತ್ರಿ ಮೂರೂಕಾಲಿಗೆ ತಂಗಿ ಫೋನ್ ಮಾಡಿದಳು. ಚಪ್ಪಲಿ ಬಾಗಿಲ ಪಕ್ಕದಲ್ಲೇ ಇತ್ತು, ಫೈಲು ಡ್ಯಾಶ್‌ಬೋರ್ಡ್ ಮೇಲಿತ್ತು. ನಾಲ್ಕು ನಿಮಿಷದಲ್ಲಿ ವಾರ್ಡಿನ ಮುಂದೆ ಇದ್ದೆ.

ವಾಪಸ್ ಬರುವಾಗ ಸೀಟು ಮೊದಲಿನ ಹಾಗೆ ನೆಟ್ಟಗೆ ಮಾಡಿ, ಹೆಡ್‌ರೆಸ್ಟ್ ಹಾಕಿ, ಬೆಲ್ಟ್ ಕಟ್ಟಿ ಅಮ್ಮನನ್ನು ಕೂರಿಸಿದೆ. ಫೋಮನ್ನು ಮಡಚಿ ಕಾಲಿನ ಕೆಳಗೆ ಇಟ್ಟೆ. ಸೊಳ್ಳೆ ಪರದೆಯ ಕವರ್ ಎರಡನ್ನೂ ಪಕ್ಕದ ಕಾರಿನಲ್ಲಿ ಮಲಗುತ್ತಿದ್ದ ರಾಯಚೂರಿನ ಅಣ್ಣನಿಗೆ ಕೊಟ್ಟು ಬಂದೆ. ಅವರದು ಆಲ್ಟೊ, ಸ್ವಲ್ಪ ಸಡಿಲವಾಯಿತು. ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿಕೊಂಡರು.