ತೊಗರಿ ನಿಂತಲ್ಲೇ ಒಣಗುತ್ತಿದೆ, ಅನುಭವ ಇದ್ದವರು ಹೇಳಿ

ಆಳಂದದಿಂದ, ಕೇಳಿದ್ದು:
ನಮ್ಮದು ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ. ಅಪ್ಪ ಇರುವತನಕ ಅವರೇ ನೋಡಿಕೊಳ್ಳುತ್ತಿದ್ದರು, ಇದು ನನ್ನ ಕೈಯಲ್ಲಿ ಎರಡನೇ ಬೆಳೆ. ಐದು ವರ್ಷದಿಂದ ಅದೇ ಹೊಲಕ್ಕೆ ತೊಗರಿಯೇ. ಕೆಳಗಿನ ಮೂಲೆ ಆಗಸ್ಟ್ ಮಳೆಗೇ ಹಳದಿ ಆಯಿತು, ಎಕರೆಗೆ ಒಂದು ಚೀಲ ಯೂರಿಯಾ ಚೆಲ್ಲಿದೆ. ಈಗ ಕಾಯಿ ಕಟ್ಟುವ ಹೊತ್ತಿಗೆ ಮೇಲಿನ ಕಡೆ ಗಿಡ ಒಣಗುತ್ತಿವೆ, ಹೂವೂ ಉದುರುತ್ತಿದೆ. ಅಂಗಡಿಯವರು ಕೊಟ್ಟ ಮೂರು ಬಾಟಲಿ ಹೊಡೆದೆ. ಏನೂ ಆಗಲಿಲ್ಲ. ಮುಂದೆ ಏನು ಮಾಡಲಿ?

ಜೇವರ್ಗಿಯಿಂದ:
ತಮ್ಮಾ, ಮೊದಲು ಬಾಟಲಿ ಕೆಳಗಿಡು. ಅರ್ಧ ಒಣಗಿದ ಗಿಡ ಒಂದು ಕಿತ್ತು, ಬುಡದಿಂದ ಮೇಲಕ್ಕೆ ಉದ್ದಕ್ಕೆ ಸೀಳು. ತೊಗಟೆ ಕೆಳಗೆ ಕಪ್ಪು ಗೆರೆ ಮೇಲಕ್ಕೆ ಹತ್ತಿದ್ದರೆ ಅದು ನೆಟೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ನೀರಿನ ದಾರಿ ಕಟ್ಟಿಬಿಡುತ್ತದೆ. ಅದಕ್ಕೇ ನೆಲ ಹಸಿ ಇದ್ದರೂ ಗಿಡ ಬಾಯಾರಿ ಸಾಯುತ್ತದೆ. ಎಲೆ ಮೇಲೆ ಏನು ಹೊಡೆದರೂ ಅಲ್ಲಿಗೆ ಮುಟ್ಟುವುದಿಲ್ಲ. 2022ರಲ್ಲಿ ನಮ್ಮ ಜಿಲ್ಲೆಗೆಲ್ಲ ನೆಟೆ ಬಡಿದಾಗ ನಾನು ಆರು ಎಕರೆ ಕಳೆದುಕೊಂಡೆ. ಔಷಧಿಗೆ ಸುರಿದ ದುಡ್ಡು ಬೇರೆ.

ಆ ಹೊಲಕ್ಕೆ ಆಮೇಲೆ ಎರಡು ವರ್ಷ ಬರೀ ಜೋಳ. ಈಗ ತೊಗರಿ ಹಾಕಿದರೂ ನಡುವೆ ಜೋಳದ ಸಾಲು ಹಾಕುವುದು ತಪ್ಪಿಸುವುದಿಲ್ಲ. ನೆಟೆ ಬಹಳ ಕಡಿಮೆ ಆಗಿದೆ. ಸತ್ತ ಗಿಡದ ಬುಡ ಹೊಲದಲ್ಲಿ ಬಿಡಬೇಡ, ರೋಗ ಅದರಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ಬೇರು ಸಮೇತ ಕಿತ್ತು ಸುಡು. ಬಿತ್ತುವಾಗ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚು, ಅದು ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ.

ತಳಿ ಕೇಳುವಾಗ "ರೋಗ ಬರಲ್ಲ" ಎಂಬ ಮಾತಿಗೆ ಬೀಳಬೇಡ. ಯಾವ ರೋಗ ಅಂತ ಕೇಳು. ನಮ್ಮಪ್ಪ ಮಾರುತಿ ಹಾಕುತ್ತಿದ್ದ. 1986ರಲ್ಲಿ ಬಂದ ತಳಿ, ನೆಟೆಗೆ ಗಟ್ಟಿ. ಆದರೆ ಗೊಡ್ಡು ರೋಗಕ್ಕೆ ನಿಲ್ಲಲಿಲ್ಲ. ಗಿಡ ಹಸಿರು ಪೊದೆ ಆಗಿ ನಿಲ್ಲುತ್ತಿತ್ತು, ಹೂವೇ ಇಲ್ಲ. ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ. ಆಶಾ, ಬಿಎಸ್ಎಂಆರ್-736 ತಳಿಗಳು ನೆಟೆ, ಗೊಡ್ಡು ಎರಡೂ ರೋಗ ತಡೆಯುತ್ತವೆ, ಆದರೆ ತಡವಾಗಿ ಕೈಗೆ ಬರುತ್ತವೆ. ಆಳ ಇಲ್ಲದ ಹೊಲದಲ್ಲಿ ಕೊನೆಗೆ ನೀರು ಸಾಲದೆ ಕಾಯಿ ಜೊಳ್ಳಾಗುತ್ತದೆ. ಟಿಎಸ್-3ಆರ್ ಬೇಗ ಕೈಗೆ ಬರುತ್ತದೆ, ನೆಟೆಗೂ ತಡೆಯುತ್ತದೆ. ಗೊಡ್ಡು ರೋಗಕ್ಕೆ ಮಾತ್ರ ಅದನ್ನು ನಂಬಬೇಡ.

ರಾಯಚೂರಿನಿಂದ:
ನಾನು ಕೃಷಿ ಓದಿದವಳು, ಮನೆಯಲ್ಲೂ ಹೊಲ ಇದೆ. ಜೇವರ್ಗಿ ಕಾಕಾ ಕಾಂಡದ ಮಾತು ಹೇಳಿದರು. ನಾನು ಬೇರಿನದು ಹೇಳುತ್ತೇನೆ.

ಮುಂದಿನ ಸಲ ಬಿತ್ತಿದ 40 ದಿನಕ್ಕೆ ನೆಲ ಹಸಿ ಇದ್ದಾಗ ನಾಲ್ಕೈದು ಗಿಡ ಅಗೆದು ತೆಗೆಯಿರಿ. ಎಳೆದು ಕೀಳಬೇಡಿ, ಬೇರಿನ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಗಂಟು ಉಗುರಿನಿಂದ ಒಡೆದು ನೋಡಿ. ಒಳಗೆ ಗುಲಾಬಿ ಕೆಂಪು ಇದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್ ಇದೆಯಲ್ಲ, ಅದರ ಸಂಬಂಧಿಯೇ ಆ ಬಣ್ಣ. ಬೂದಿ ಅಥವಾ ಹಸಿರು ಇದ್ದರೆ ಗಂಟು ಕೆಲಸ ಮಾಡುತ್ತಿಲ್ಲ. ಯೂರಿಯಾ ಜಾಸ್ತಿ ಆದರೆ ಗಿಡ ಸೋಮಾರಿ ಆಗುತ್ತದೆ, ಸಿದ್ಧ ಊಟ ಸಿಗುವಾಗ ಗಂಟು ಯಾಕೆ ಸಾಕಬೇಕು ಅಲ್ವಾ? ಬಿತ್ತುವಾಗ ಎಕರೆಗೆ 50 ಕೆಜಿಯ ಒಂದು ಚೀಲ ಡಿಎಪಿ ಗೊಬ್ಬರ ಸಾಕು. ಅದರಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ ಇರುತ್ತದೆ.

ನಿಮ್ಮ ಕೆಳಗಿನ ಮೂಲೆ ಹಳದಿ ಆಗಿದ್ದು ಗೊಬ್ಬರ ಸಾಲದೆ ಅಲ್ಲ, ನೀರು ನಿಂತು ಅನ್ನಿಸುತ್ತದೆ. ಬೇರಿಗೂ ಗಂಟಿಗೂ ಉಸಿರಾಡಲು ಗಾಳಿ ಬೇಕು. ಅಲ್ಲಿ ಬೋದು (ಮಣ್ಣಿನ ಎತ್ತರದ ಸಾಲು) ಏರಿಸಿ ಅದರ ಮೇಲೆ ಬಿತ್ತಿ, ನೀರು ಹರಿದು ಹೋಗಲು ಕಾಲುವೆ ತೆಗೆಯಿರಿ.

ಗಂಟು ಕಟ್ಟುವ ಬ್ಯಾಕ್ಟೀರಿಯಾದ ಜೀವಾಣು ಗೊಬ್ಬರ ತರುವಾಗ ತೊಗರಿಯದೇ ಕೇಳಿ. ಕಡಲೆಯ ಪೊಟ್ಟಣ ತೊಗರಿಗೆ ಆಗುವುದಿಲ್ಲ, ಎರಡರ ಬ್ಯಾಕ್ಟೀರಿಯಾ ಬೇರೆ. ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಒಮ್ಮೆ ನಮ್ಮ ಮನೆಯವರೇ ಬಿಸಿಲಲ್ಲಿ ಹರವಿದ್ದರು. ಪೊಟ್ಟಣದ ದುಡ್ಡು ಬಿಸಿಲಿಗೆ ಹೋಯಿತು.

ಇನ್ನೊಂದು, ಮಸಾರಿ ಭೂಮಿಯವರಿಗೆ. ಕೆಂಪು ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ ಹಿಡಿದಿಟ್ಟಿರುತ್ತದೆ. ತೊಗರಿ ಬೇರು ಪಿಸಿಡಿಕ್ ಆಮ್ಲ ಬಿಟ್ಟು ಅದನ್ನು ಬಿಡಿಸಿಕೊಳ್ಳುತ್ತದೆ. ಹೈದರಾಬಾದ್ ಹತ್ತಿರ ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸಾಟ್‌ನಲ್ಲಿ ಕಂಡುಕೊಂಡಿದ್ದು ಇದು, 1990ರಲ್ಲಿ ಪ್ರಕಟವಾಯಿತು. ತೊಗರಿ ಹಿಂದೆ ಬಂದ ಜೋಳ ಚೆನ್ನಾಗಿ ಏಳುವುದಕ್ಕೆ ಸಾರಜನಕದ ಜೊತೆ ಇದೂ ಒಂದು ಕಾರಣ.

ಆಳಂದದಿಂದ:
ಅಕ್ಕಾ, ಹೂ ಉದುರುವುದಕ್ಕೆ?

ರಾಯಚೂರಿನಿಂದ:
ಬಹುಪಾಲು ಹೂ ಉದುರುವುದು ತೊಗರಿಯ ಹುಟ್ಟುಗುಣ, ಪೂರ್ತಿ ನಿಲ್ಲಿಸಲು ಆಗಲ್ಲ. ಮೋಡ, ಮಂಜು ಬಿದ್ದರೆ ಇನ್ನೂ ಜಾಸ್ತಿ. ನಮ್ಮ ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಮಿಶ್ರಣ ಲೀಟರ್ ನೀರಿಗೆ 10 ಗ್ರಾಂ ಬೆರೆಸಿ ಹೂ ಬಿಟ್ಟಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತೇವೆ. ಕಾಯಿ ಉದುರದೆ ನಿಲ್ಲುತ್ತದೆ. ನೆಟೆ ಬಿದ್ದ ಗಿಡಕ್ಕೆ ಹೊಡೆದರೆ ಸುಮ್ನೆ ದಂಡ.

ಬೀದರಿನಿಂದ:
ನಾವು ನಾಟಿ ತೊಗರಿ ಮಾಡುತ್ತೇವೆ. ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಬೆಳೆಸಿ, ಮಳೆ ಬಿದ್ದ ಕೂಡಲೇ ತಿಂಗಳ ಸಸಿ ನೆಡುವುದು. ಸಾಲಿಗೆ 5 ಅಡಿ, ಗಿಡಕ್ಕೆ 3 ಅಡಿ. ಮಳೆ ತಡವಾದರೂ ಬೆಳೆ ಹಿಂದೆ ಬೀಳುವುದಿಲ್ಲ, ಬೇರು ಆಳಕ್ಕೆ ಇಳಿದಿರುತ್ತದೆ. ಆಳು ಸಿಗದಿದ್ದರೆ ಕೈ ಹಾಕಬೇಡಿ. ಮೊದಲ ವರ್ಷ ನಾನೂ ನಮ್ಮತ್ತೆಯೂ ಇಬ್ಬರೇ ಒಂದು ಎಕರೆ ನೆಟ್ಟು ವಾರ ಸೊಂಟ ಹಿಡಿದುಕೊಂಡೆವು. 50 ದಿನಕ್ಕೆ ಕುಡಿ ಚಿವುಟಿದರೆ ಹೊಸ ಟೊಂಗೆ ಚಿಗುರುತ್ತದೆ, ಅದು ಬಿತ್ತಿದ ತೊಗರಿಗೂ ಆಗುತ್ತದೆ.

ಅಫಜಲಪುರದಿಂದ:
ಕುಡಿ ಚಿವುಟುವ ಕೆಲಸ ನಮ್ಮಲ್ಲಿ ಪಕ್ಕದ ಮನೆಯ ಆಡು ಮಾಡಿತು. ಜಗಳ ಆಡಿ ಬಂದೆ. ಆಮೇಲೆ ನೋಡಿದರೆ ಆ ಎರಡು ಸಾಲಿಗೇ ಕಾಯಿ ಜಾಸ್ತಿ! ಬೀದರಿನ ಅಕ್ಕ ಹೇಳಿದ್ದು ಖರೆ.

ಆಳಂದದಿಂದ:
ಇವತ್ತು ಹೋಗಿ ಎಂಟು ಗಿಡ ಸೀಳಿದೆ. ಮೇಲಿನ ಎರಡು ಎಕರೆಯ ಐದರಲ್ಲೂ ಕಪ್ಪು ಗೆರೆ ಇದೆ. ಕೆಳಗಿನ ಮೂಲೆಯ ಮೂರರಲ್ಲಿ ಒಂದಕ್ಕೂ ಇಲ್ಲ, ಬೇರು ಮಾತ್ರ ಗೇಣುದ್ದವೂ ಇಳಿದಿಲ್ಲ. ಒಂದೇ ರೋಗ ಅಂದುಕೊಂಡು ಇಡೀ ಹೊಲಕ್ಕೆ ಹೊಡೆದಿದ್ದೆ. ಮೇಲಿನದಕ್ಕೆ ಮುಂದಿನ ಎರಡು ವರ್ಷ ಜೋಳ, ಕೆಳಗೆ ಬೋದು. ಅಮ್ಮ ಕೇಳುತ್ತಿದ್ದಾಳೆ, ಒಣಗಿದ ತೊಗರಿ ಕಟ್ಟಿಗೆ ಒಲೆಗೆ ಇಟ್ಟುಕೊಳ್ಳಬಹುದಾ ಕಾಕಾ?

ಜೇವರ್ಗಿಯಿಂದ:
ಇಟ್ಟುಕೊಳ್ಳಲಿ. ಮನೆ ಹತ್ತಿರ ಒಟ್ಟಿ, ಹೊಲದ ಬದುವಿನ ಮೇಲೆ ಬೇಡ. ಮಳೆಗಾಲಕ್ಕೆ ಮುಂಚೆ ಉರಿಸಿ ಮುಗಿಸಿ.