ಅಟ್ಟದ ಟ್ರಂಕಿನಲ್ಲಿ ಸಿಕ್ಕ ಅಜ್ಜನ ಗ್ರಾಮಫೋನ್ ಪ್ಲೇಟುಗಳು: ಮೊದಲು ಏನು ಮಾಡಬೇಕು?

ಮಲೆನಾಡ್_ಮಳೆ

ಸಾಗರದ ಕಡೆಯ ಹಳೇ ಮನೆ. ಅಟ್ಟದ ಟ್ರಂಕಿನಲ್ಲಿ 78 ಸ್ಪೀಡಿನ (ನಿಮಿಷಕ್ಕೆ 78 ಸುತ್ತು) ದಪ್ಪ ಪ್ಲೇಟು 22, ಕೆಲವೇ ಹಾಡಿನ ಚಿಕ್ಕ ಇಪಿ (45 ಸುತ್ತು) 31, ದೊಡ್ಡ ಎಲ್‌ಪಿ (33 ಸುತ್ತು) 9 ಸಿಕ್ಕಿವೆ. ಹೆಚ್ಚಿನವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಜೊತೆಗೆ ಎಚ್‌ಎಂವಿ ಫಿಯೆಸ್ಟಾ ಸೂಟ್‌ಕೇಸ್ ಪ್ಲೇಯರ್ ಇದೆ. ಕವರುಗಳ ಮೇಲೆ ಅಜ್ಜನ ಶಾಯಿ ಬರಹವಿದೆ: ಕೊಂಡ ದಿನ, ಊರು, ಕೊಟ್ಟ ದುಡ್ಡು. ಒಂದು ಇಪಿಯ ಮೇಲೆ ಮದುವೆಯ ಉಡುಗೊರೆ ಅಂತ ಇದೆ.

ಮಾರುವ ಯೋಚನೆ ಇಲ್ಲ. ತೊಳೆಯುವುದು ಯಾವುದರಲ್ಲಿ? ಫಿಯೆಸ್ಟಾದಲ್ಲೇ ಹಾಕಬಹುದೇ? ಬರಹ ಉಳಿಸಿಕೊಳ್ಳುವುದು ಹೇಗೆ? ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ ಮನೆಯವರಿಗೆಲ್ಲ ಕಳಿಸಬೇಕು, ಅದಕ್ಕೆ ಏನೇನು ಬೇಕು?

---

ಗೆರೆ_ಮುಳ್ಳು

ತೊಳೆಯುವ ತನಕ ಒಂದನ್ನೂ ಪ್ಲೇಯರ್ ಮೇಲೆ ಇಡಬೇಡಿ. ಆಸೆ ತಡೆಯುವುದು ಕಷ್ಟ, ಆದರೂ ತಡೆಯಿರಿ. ಗೆರೆಯೊಳಗೆ ಕೂತ ಧೂಳು ಮರಳುಕಾಗದದಂತೆ ಕೆಲಸ ಮಾಡುತ್ತದೆ. ಒಂದು ಸಲ ಮುಳ್ಳು ಅದರ ಮೇಲೆ ಹಾದರೆ ಆ ಸವೆತ ಮತ್ತೆ ಸರಿಯಾಗುವುದಿಲ್ಲ.

ಮೊದಲು ಎರಡು ರಾಶಿ ಮಾಡಿ. 78ರ ಪ್ಲೇಟು ಅರಗಿನದು. ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತಿದ್ದು. ಭಾರ, ಬಗ್ಗುವುದಿಲ್ಲ, ಉಗುರಿನಿಂದ ತಟ್ಟಿದರೆ ಹೆಂಚಿನಂತೆ ಸದ್ದು. ಇಪಿ, ಎಲ್‌ಪಿಗಳು ವಿನೈಲ್, ಅಂದರೆ ಪಿವಿಸಿ. ಸ್ವಲ್ಪ ಬಾಗುತ್ತವೆ. ಈ ವಿಂಗಡಣೆ ಯಾಕೆ ಮುಖ್ಯ ಅಂದರೆ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಮಾಡಿಕೊಳ್ಳುವುದೇ ಹಾಗೆ. ಯಾವ ಬಗೆಯ ಆಲ್ಕೋಹಾಲ್ ಆದರೂ 78ರ ಪ್ಲೇಟಿಗೆ ತಾಗಬಾರದು.

ಬೂಷ್ಟು ಒಣಗಿರುವಾಗಲೇ ಬಿಸಿಲಿಲ್ಲದ ಜಗುಲಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಒರೆಸಿ ತೆಗೆಯಿರಿ. ಮನೆಯೊಳಗೆ ಮಾಡಿದರೆ ಅದೇ ಪುಡಿ ಹಾರಿ ಬಟ್ಟೆಬರೆಗೆ, ಪುಸ್ತಕಕ್ಕೆ ಹತ್ತುತ್ತದೆ.

ಆಮೇಲೆ ತೊಳೆಯುವ ನೀರು. 1 ಲೀಟರ್ ಡಿಸ್ಟಿಲ್ಡ್ ವಾಟರಿಗೆ ಸುವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ 1 ಮಿಲಿ, ಅಂದರೆ ಸುಮಾರು 20 ಹನಿ. ಹೆಚ್ಚು ಹಾಕಿದರೆ ಹೆಚ್ಚು ಶುಭ್ರವಾಗುವುದಿಲ್ಲ, ಪದರ ಉಳಿಯುತ್ತದೆ ಅಷ್ಟೇ. ನೊರೆ ಬಂತೆಂದರೆ ಜಾಸ್ತಿ ಆಯಿತು ಅಂತ ಅರ್ಥ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಆದರೆ ಬಾಟಲಿ ಓದಿ ತನ್ನಿ. ಪಕ್ಕದಲ್ಲೇ ಬ್ಯಾಟರಿ ಆ್ಯಸಿಡ್ ಕೂಡ ಇಟ್ಟಿರುತ್ತಾರೆ. ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಸುಣ್ಣದಂಶ ಗೆರೆಯಲ್ಲಿ ಕೂತು ಚಟಪಟ ಅನ್ನುತ್ತದೆ.

ಮೈಕ್ರೋಫೈಬರ್ ಬಟ್ಟೆ ಅದ್ದಿ, ಹಿಂಡಿ, ಗೆರೆಯ ದಾರಿಯಲ್ಲೇ ಸುತ್ತ ಒರೆಸಿ. ಮಧ್ಯದಿಂದ ಅಂಚಿಗೆ ಅಡ್ಡ ಎಳೆಯಬೇಡಿ. ನಡುವಿನ ಲೇಬಲ್ ಕಾಗದಕ್ಕೆ ನೀರು ತಾಗದಂತೆ ಅದರಷ್ಟೇ ಅಗಲದ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿಯಿರಿ. ಎರಡು ಸಲ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಅರಗಿನದ್ದನ್ನು ನೆನೆಹಾಕಬಾರದು, ಒರೆಸಿದ ಕೂಡಲೇ ಒಣಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ.

ವಿನೈಲಿಗೆ ಹತ್ತಿದ ಬೂಷ್ಟು ಇಷ್ಟಕ್ಕೆ ಬಿಡದಿದ್ದರೆ ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್: 200 ಮಿಲಿಗೆ 800 ಮಿಲಿ ಡಿಸ್ಟಿಲ್ಡ್ ವಾಟರ್. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಸೀಗೆ, ಅಂಟುವಾಳದ ನೀರು ಎಷ್ಟು ಸೋಸಿದರೂ ಕಣ ಉಳಿಯುತ್ತದೆ. ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರಿದ ಪ್ಲೇಟುಗಳೂ ರಿಪೇರಿಗೆ ಬರುತ್ತವೆ. ಆ ಎಣ್ಣೆಗೆ ಧೂಳು ಅಂಟಿ ಗೆರೆಯೇ ಮುಚ್ಚಿಹೋಗಿರುತ್ತದೆ.

---

ಧಾರವಾಡದ_ಕಿವಿ

78ರ ಬಗ್ಗೆ ಇನ್ನೊಂದಿಷ್ಟು ಹೇಳತೀನ್ರಿ. ಅವು ಕೈ ಜಾರಿ ಬಿದ್ರ ಹಪ್ಪಳಧಂಗ ಒಡಿತಾವು. ಕೆಳಗ ಚಾದರ ಹಾಸಿಕೊಂಡು ಕೆಲಸ ಮಾಡ್ರಿ, ಎರಡೂ ಕೈಲೆ ಅಂಚು ಹಿಡೀರಿ. ಅಂಚಿನಿಂದ ಎತ್ತಿ ಹಿಡಿದು ಉಗುರಿನಿಂದ ಮೆಲ್ಲಕ ಬಡದು ನೋಡ್ರಿ. ಸಾಬೂತ ಪ್ಲೇಟು ಠಣ್ ಅಂತೈತಿ, ಬಿರುಕು ಬಿಟ್ಟಿದ್ದು ಝರ್ ಅಂತೈತಿ. ಬಿರುಕು ಇದ್ದದ್ದಕ್ಕ ನೀರು ಹಚ್ಚಬ್ಯಾಡ್ರಿ, ಬರೇ ಒಣ ಬ್ರಷ್ ಸಾಕು.

ಕರ್ರಗ ಮಿಂಚೋ ಬದಲಿ ಗೆರಿ ಬೂದಿ ಬಣ್ಣಕ್ಕ ತಿರುಗಿದ್ರ ಅದು ಉಕ್ಕಿನ ಪಿನ್ನು ತಿಂದದ್ದು. ಚಾವಿ ಕೊಡೋ ಗ್ರಾಮಫೋನಿನ ಪಿನ್ನು ಒಂದು ಬದಿಗೆ ಒಂದರಂತೆ ಬದಲಿ ಮಾಡಬೇಕಾಗತಿತ್ತು. ಭಾಳ ಮನ್ಯಾಗ ಒಂದೇ ಪಿನ್ನಿನ ಮ್ಯಾಲೆ ಹತ್ತು ಪ್ಲೇಟು ಹಾಕತಿದ್ರು. ತೊಳದ್ರ ಆ ಬೂದಿ ಬಣ್ಣ ಹೋಗಂಗಿಲ್ಲ. ಆದ್ರ ಅಂಥಾ ಪ್ಲೇಟು ಸತ್ತಂಗ ಅಲ್ರಿ. ಸಾಮಾನ್ಯ 3 ಮಿಲ್ (ಮಿಲ್ ಅಂದ್ರ ಇಂಚಿನ ಸಾವಿರದ ಒಂದು ಪಾಲು) ಮುಳ್ಳಿನ ಬದಲಿ 2.5 ಅಥವಾ 3.5 ಮಿಲ್ ಮುಳ್ಳು ಹಾಕಿದ್ರ ಅದು ಗೆರಿಯ ಸವೆದ ಜಾಗಾ ಬಿಟ್ಟು ಮ್ಯಾಲೋ ಕೆಳಗೋ ಕೂಡತೈತಿ, ದನಿ ಎದ್ದು ಬರತೈತಿ.

ಮತ್ತ, ಲೇಬಲ್ ಮ್ಯಾಲಿನ ಹೆಸರು ಗುರುತಿಲ್ಲಂತ ಯಾವದನ್ನೂ ಬದಿಗೆ ಸರಿಸಬ್ಯಾಡ್ರಿ. ಗಂಗೂಬಾಯಿ ಹಾನಗಲ್ಲರ ಶುರುವಾತಿನ ಪ್ಲೇಟಿನ ಮ್ಯಾಲೆ ಗಾಂಧಾರಿ ಅಂತ ಹೆಸರಿತ್ತು. ಎಲ್ಲಾದರದೂ ಲೇಬಲ್ ನಂಬರು, ಆಮ್ಯಾಲೆ ಹಾಡು ಮುಗಿದು ಲೇಬಲ್ ಶುರು ಆಗೋ ನಡುವಿನ ಖಾಲಿ ಪಟ್ಟಿಯೊಳಗ ಕೆತ್ತಿರೋ ನಂಬರು, ಎರಡೂ ಒಂದು ವಹಿಯೊಳಗ ಬರದಿಡ್ರಿ. ಲೇಬಲ್ ಬಿದ್ದುಹೋದ್ರೂ ಆ ಕೆತ್ತಿದ ನಂಬರಿನಿಂದ ಪ್ಲೇಟಿನ ಗುರುತು ಹಿಡೀಬಹುದು.

---

ಬೆಲ್ಟು_ಬೇರಿಂಗ್

ಫಿಯೆಸ್ಟಾ ವಿಷಯ. ಈಗಲೇ ಪ್ಲಗ್ ಹಾಕಬೇಡಿ. ಹಳೇ ವೈರಿನ ಹೊದಿಕೆ ಒಣಗಿ ಪುಡಿಯಾಗಿರುತ್ತದೆ. ರೇಡಿಯೊ ರಿಪೇರಿ ಗೊತ್ತಿರುವವರಿಂದ ವೈರು, ಕೆಪಾಸಿಟರ್ ನೋಡಿಸಿ. ಬೇರಿಂಗಿನ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಕೆರೆದು ತೆಗೆದು ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ರಬ್ಬರ್ ಚಕ್ರಕ್ಕೆ ಎಣ್ಣೆ ತಾಗಿದರೆ ಜಾರುತ್ತದೆ, ಎಚ್ಚರ.

ಮೋಟರ್ ತಿರುಗಿ ಸದ್ದು ಬಾರದಿದ್ದರೆ ಹೆಚ್ಚಿನ ಸಲ ದೋಷ ಕಾರ್ಟ್ರಿಜ್ಜಿನದು, ಅಂದರೆ ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಭಾಗದ್ದು. ಆ ಕಾಲದ ಅಗ್ಗದ ಪ್ಲೇಯರುಗಳಲ್ಲಿ ರೋಶೆಲ್ ಲವಣದ ಹರಳಿನ ಕಾರ್ಟ್ರಿಜ್ ಇರುತ್ತಿತ್ತು. ಆ ಹರಳು ತೇವಕ್ಕೆ ತಾನೇ ಕರಗಿಹೋಗುತ್ತದೆ. ಮಲೆನಾಡಿನ ಅಟ್ಟದಲ್ಲಿ ಅಷ್ಟು ಮಳೆಗಾಲ ಕಳೆದ ಮೇಲೆ ಅದು ಉಳಿದಿರುವುದು ಕಷ್ಟ. ಸೆರಾಮಿಕ್ ಕಾರ್ಟ್ರಿಜ್ ಹಾಕಿಸಿದರೆ ಪ್ಲೇಯರಿಗೆ ಮತ್ತೆ ಜೀವ ಬರುತ್ತದೆ. ಮುಳ್ಳು ತಿರುಗಿಸುವ ಪುಟ್ಟ ಹಿಡಿ ಇದ್ದರೆ ಒಂದು ಮುಖ 78ಕ್ಕೆ, ಇನ್ನೊಂದು ಎಲ್‌ಪಿಗೆ. 78ರ ಮುಳ್ಳಿನ ತುದಿ ಸುಮಾರು 75 ಮೈಕ್ರಾನ್, ಎಲ್‌ಪಿಯದು ಸುಮಾರು 18. ದಪ್ಪ ಮುಳ್ಳು ಎಲ್‌ಪಿಯ ಗೆರೆಯೊಳಗೆ ಇಳಿಯದೆ ಮೇಲಂಚನ್ನೇ ಉಜ್ಜುತ್ತದೆ. ಸಣ್ಣ ಮುಳ್ಳು 78ರ ಗೆರೆಯ ತಳದಲ್ಲಿ ಓಲಾಡುತ್ತ ಬರೀ ಕರಕರ ಎತ್ತುತ್ತದೆ.

ಆದರೂ ಒಂದು ಮಾತು. ಇಂಥ ಪ್ಲೇಯರಿನ ಮುಳ್ಳು 5 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಭಾರ ಹಾಕುತ್ತದೆ. ಮನೆಯವರೆಲ್ಲ ಕೂತು ಒಂದೆರಡು ಇಪಿ ಕೇಳಲು ಸರಿ. ಇಡೀ ಟ್ರಂಕನ್ನು ಕಂಪ್ಯೂಟರಿಗೆ ಇಳಿಸುವುದು ಇದರಿಂದ ಬೇಡ. ಅದಕ್ಕೆ 78 ಸ್ಪೀಡ್ ಇರುವ ಹೊಸ ಟರ್ನ್‌ಟೇಬಲ್ (ಪ್ಲೇಟು ತಿರುಗಿಸುವ ಪ್ಲೇಯರ್) ನೋಡಿ. ಆಡಿಯೊ ಟೆಕ್ನಿಕಾ ಕಂಪನಿಯ ಎಲ್‌ಪಿ120ಎಕ್ಸ್ ಮಾದರಿಯಲ್ಲಿ ಮೂರೂ ಸ್ಪೀಡ್ ಇವೆ, ಎಲ್‌ಪಿ60ಎಕ್ಸ್‌ನಲ್ಲಿ 78 ಇಲ್ಲ. 120ರ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್ಜಿಗೆ 2 ಗ್ರಾಂ ಭಾರ. ಅದೇ ಕಾರ್ಟ್ರಿಜ್ಜಿಗೆ 78ರ ಎಸ್‌ಪಿ ಮುಳ್ಳು ಬೇರೆ ಸಿಗುತ್ತದೆ, ಅದಕ್ಕೆ 5 ಗ್ರಾಂ. ಮುಳ್ಳು ಬದಲಿಸಿದಾಗ ಭಾರ ಬದಲಿಸಲು ಮರೆತರೆ ಎಲ್‌ಪಿ ಹಾಳು. ತೋಳಿನ ಅಂಕಿ ನಂಬದೆ ಮುಳ್ಳಿನ ಭಾರ ಅಳೆಯುವ ಪುಟ್ಟ ಡಿಜಿಟಲ್ ತಕ್ಕಡಿ ಬಳಸಿ.

ಸ್ಪೀಡ್ ಪರೀಕ್ಷೆಗೆ ಪ್ಲೇಟಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಸುತ್ತು ಎಣಿಸಿ: ಎಲ್‌ಪಿ 3 ನಿಮಿಷಕ್ಕೆ 100, ಇಪಿ 2 ನಿಮಿಷಕ್ಕೆ 90. ಸ್ಟ್ರೋಬ್ ಚಿತ್ರ (ಸ್ಪೀಡ್ ಸರಿ ಇದ್ದರೆ ಗೆರೆಗಳು ನಿಂತಂತೆ ಕಾಣುವ ವೃತ್ತ) ಪ್ರಿಂಟ್ ಮಾಡಿಕೊಳ್ಳುವುದಾದರೆ ನಮ್ಮ 50 ಹರ್ಟ್ಸ್ ಕರೆಂಟಿನದ್ದೇ ಬೇಕು, ಎಲ್‌ಪಿಗೆ 180 ಗೆರೆ ಇರುವುದು. ಅಂತರ್ಜಾಲದಲ್ಲಿ ಹೆಚ್ಚಾಗಿ ಸಿಗುವ 216 ಗೆರೆಯದು ಅಮೆರಿಕದ 60 ಹರ್ಟ್ಸಿನದು. ನೋಡುವಾಗ ಹಳೇ ಬುರುಡೆ ಬಲ್ಬು ಉರಿಸಿ. ಒಳ್ಳೆಯ ಎಲ್‌ಇಡಿ ಮಿನುಗುವುದಿಲ್ಲ, ಗೆರೆ ನಿಂತಂತೆ ಕಾಣುವುದಿಲ್ಲ.

---

ಮಲೆನಾಡ್_ಮಳೆ

ಎಲ್ಲರಿಗೂ ಧನ್ಯವಾದ. ಫಿಯೆಸ್ಟಾದ ಪ್ಲಗ್ ತೆಗೆದಿಟ್ಟಿದ್ದೇನೆ. ಕವರಿನ ಮೇಲಿನ ಬರಹಕ್ಕೆ ಏನು ದಾರಿ? ಕೆಲವು ಕವರು ಅಂಚಿನಲ್ಲಿ ಸೀಳಿವೆ, ಒಳಗಿನ ಪ್ಲಾಸ್ಟಿಕ್ ಪ್ಲೇಟಿಗೇ ಅಂಟಿದೆ.

---

ಕಾಗದ_ಶಾಯಿ

ನಿಮ್ಮ ಟ್ರಂಕಿನಲ್ಲಿ ಬೇರೆಲ್ಲೂ ಸಿಗದ ವಸ್ತು ಇದೇ. ಆ ಇಪಿಯ ಹಾಡು ಇನ್ನೊಂದು ಪ್ರತಿಯಲ್ಲಿ ಸಿಕ್ಕೀತು, ಆ ಕೈಬರಹ ಸಿಗುವುದಿಲ್ಲ. ಹಾಗಾಗಿ ತೊಳೆಯುವ ಕೆಲಸಕ್ಕೂ ಮೊದಲು ಕವರುಗಳ ಫೋಟೊ ಮುಗಿಸಿ.

ಫೌಂಟನ್ ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ. ಒದ್ದೆ ಬಟ್ಟೆ ಕವರಿನ ಹತ್ತಿರವೂ ಬರಬಾರದು. ಶಾಯಿ ಮಾಸಿದ್ದರೆ ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಕವರನ್ನು ತಿರುಗಿಸಿ ಫೋಟೊ ತೆಗೆಯಿರಿ. ನಿಬ್ಬು ಒತ್ತಿದ ತಗ್ಗಿನಲ್ಲಿ ನೆರಳು ಕೂತು, ಬಣ್ಣ ಹೋದ ಅಕ್ಷರವೂ ಓದಲು ಬರುತ್ತದೆ. ಹಿಂದಿನ ಬದಿ, ಒಳಮಡಿಕೆ, ಅಂಗಡಿಯ ರಬ್ಬರ್ ಸ್ಟಾಂಪು, ಎಲ್ಲದರ ಫೋಟೊ ಬೇಕು. ಸ್ಟಾಂಪಿನಲ್ಲಿ ಊರಿನ ಹೆಸರಿರುತ್ತದೆ, ಅಜ್ಜ ಎಲ್ಲೆಲ್ಲಿ ಓಡಾಡಿದ್ದರು ಅನ್ನುವುದೂ ಅಲ್ಲಿಂದ ತಿಳಿಯುತ್ತದೆ.

ಸೀಳಿಗೆ ಸೆಲ್ಲೊಟೇಪ್ ಹಚ್ಚಬೇಡಿ. ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ತೆಳು ಟಿಶ್ಯೂ ಕಾಗದದ ಪಟ್ಟಿಗೆ ಗೋಧಿ ಹಿಟ್ಟಿನ ಗಂಜಿ ತೀರ ತೆಳ್ಳಗೆ ಸವರಿ, ಬರಹ ಇಲ್ಲದ ಒಳಬದಿಯಿಂದ ಹಚ್ಚಿ, ಮೇಲೆ ಪುಸ್ತಕ ಹೇರಿ ಪೂರ್ತಿ ಒಣಗಲು ಬಿಡಿ. ಹಸಿ ಉಳಿದರೆ ಗಂಜಿಗೇ ಬೂಷ್ಟು ಬರುತ್ತದೆ. ಬೆಳ್ಳಗಿನ ಚಪ್ಪಟೆ ಹುಳ ಕಂಡರೆ, ಅದು ಕಾಗದದ ಗಂಜಿಯನ್ನು ತಿನ್ನಲು ಬಂದದ್ದು. ಕವರುಗಳನ್ನು ಟ್ರಂಕಿಗೆ ಮರಳಿಸುವ ಮೊದಲು ಟ್ರಂಕನ್ನು ಖಾಲಿ ಮಾಡಿ ಬಿಸಿಲಿಗಿಡಿ. ನುಸಿಗುಳಿಗೆ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಅಂಚಿನಿಂದ ನಿಧಾನ ಸುಲಿಯಿರಿ. ಮೆತ್ತನೆಯ ಪಿವಿಸಿ ಚೀಲದಿಂದ ಎಣ್ಣೆಯಂಥ ಅಂಶ ಹೊರಬಂದು ಪ್ಲೇಟಿನ ಮೇಲೆ ಮಂಜಿನಂಥ ಮಚ್ಚೆ ಬಿಡುತ್ತದೆ. ಆ ಮಚ್ಚೆ ಗೆರೆಯನ್ನೇ ಕೆಡಿಸಿದ್ದರೆ ತೊಳೆದರೂ ಹೋಗದು. ಮುಂದಕ್ಕೆ ಪಾಲಿಥಿನ್ ಒಳಚೀಲ ಬಳಸಿ, ಹಳೇ ಕವರನ್ನು ಪ್ಲೇಟಿನ ಪಕ್ಕದಲ್ಲೇ ಬೇರೆ ಚೀಲದಲ್ಲಿಡಿ. ಪ್ಲೇಟು ಯಾವತ್ತೂ ನೆಟ್ಟಗೆ ನಿಂತಿರಬೇಕು, ಓರೆಯಾಗಿ ಒರಗಿದರೆ ಬಾಗುತ್ತದೆ. ಅಟ್ಟಕ್ಕೆ ಮತ್ತೆ ಹಾಕಬೇಡಿ, ಹೆಂಚಿನ ಕೆಳಗಿನ ಕಾವು ವಿನೈಲಿಗೆ ಆಗದು. ಗೋಡೆಗೆ ತಾಗದ ಬೀರು ಸಾಕು, ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಟ್ಟು ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿಕೊಳ್ಳಿ.

---

ಬೆಲ್ಟು_ಬೇರಿಂಗ್

ಕಂಪ್ಯೂಟರಿಗೆ ಇಳಿಸುವ ಬಗ್ಗೆ. ಟರ್ನ್‌ಟೇಬಲಿನಿಂದ ಫೋನೊ ಪ್ರೀಆಂಪ್ (ಮುಳ್ಳಿನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಪೆಟ್ಟಿಗೆ), ಅಲ್ಲಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಅದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಅಲ್ಲಿಂದ ಉಚಿತವಾದ ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿ. ಗುಂಯ್ ಅಂದರೆ ಅರ್ತ್ ವೈರನ್ನು ಪ್ರೀಆಂಪಿನ ತಿರುಪಿಗೆ ಬಿಗಿಯಿರಿ. 24 ಬಿಟ್, 96 ಕಿಲೊಹರ್ಟ್ಸ್ ಇಟ್ಟುಕೊಳ್ಳಿ, ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ.

78ಕ್ಕೂ ಸ್ಟೀರಿಯೊದಲ್ಲೇ ರೆಕಾರ್ಡ್ ಮಾಡಿ. ಗೆರೆಯ ಎರಡು ಗೋಡೆ ಒಂದೇ ಸಮ ಸವೆದಿರುವುದಿಲ್ಲ. ಎಡ, ಬಲ ಬೇರೆ ಬೇರೆ ಕೇಳಿ ನೋಡಿ. ಒಂದು ಸ್ಪಷ್ಟವಾಗಿದ್ದರೆ ಅದನ್ನಷ್ಟೇ ಇಟ್ಟುಕೊಳ್ಳಿ, ಸಮವಿದ್ದರೆ ಎರಡನ್ನೂ ಕೂಡಿಸಿ ಮೋನೊ ಮಾಡಿ. ಮುಳ್ಳು ಮೇಲೆ ಕೆಳಗೆ ಕುಣಿಯುವುದರಿಂದ ಏಳುವ ಗದ್ದಲ ಹಾಗೆ ಕೂಡಿಸಿದಾಗಲೇ ಬಹಳಷ್ಟು ಅಳಿಯುತ್ತದೆ. ಪ್ರೀಆಂಪಿನ ಆರ್‌ಐಎಎ ತಿದ್ದುಪಡಿ (ಕೆಳಗಿನ, ಮೇಲಿನ ಸ್ವರಾಂಶಗಳನ್ನು ಸಮತೂಕಕ್ಕೆ ತರುವ ಲೆಕ್ಕ) 1954ರ ಎಲ್‌ಪಿ ಕಾಲದ್ದು. ಅದಕ್ಕೂ ಹಳೆಯ ಪ್ಲೇಟು ಅದರಲ್ಲಿ ಮಂಕಾಗಿ ಕೇಳುತ್ತದೆ, ಮೇಲಿನ ಸ್ವರಾಂಶವನ್ನು ಈಕ್ವಲೈಸರಿನಲ್ಲಿ ಸ್ವಲ್ಪ ಎತ್ತಿಕೊಳ್ಳಿ. ಕೊನೆಗೆ ನಾಯ್ಸ್ ರಿಡಕ್ಷನ್ ಹಾಕಿ ಸರಸರ ಸದ್ದು ಪೂರ್ತಿ ತೆಗೆದರೆ ಕೇಳಲು ಹಿತ.

---

ಧಾರವಾಡದ_ಕಿವಿ

ಕಡೀ ಮಾತು ಒಪ್ಪಂಗಿಲ್ರಿ. ಸರಸರ ಪೂರ್ತಿ ತಗದ್ರ ಅದರ ಕೂಡ ತಂಬೂರಿ ಝೇಂಕಾರನೂ ಹೋಗತೈತಿ, ಹಾಡೋರ ಉಸಿರೂ ಹೋಗತೈತಿ. ನೀರಿನೊಳಗಿಂದ ಹಾಡಿಧಂಗ ಕೇಳತೈತಿ. ಚಟಪಟ ಅನ್ನೋ ದೊಡ್ಡ ಸದ್ದು ಮಾತ್ರ ಒಂದೊಂದ ಆರಿಸಿ ತಗೀರಿ. ಅಡ್ಡ ಗೀರು ಇದ್ರ ಗುರುತು ಸರಳ: ಎಲ್‌ಪಿಯೊಳಗ 1.8 ಸೆಕೆಂಡಿಗೊಮ್ಮೆ ಟಕ್ ಅಂತೈತಿ.

---

ಬೆಲ್ಟು_ಬೇರಿಂಗ್

ಪೂರ್ತಿ ಅಂದದ್ದು ತಪ್ಪು, ಒಪ್ಪಿದೆ. ಆಡಾಸಿಟಿಯಲ್ಲಿ 6 ಡೆಸಿಬೆಲ್ ಇಳಿಸಿದರೆ ಸಾಕು. ಅದನ್ನೂ ಪ್ರತಿಯ ಮೇಲೆ ಮಾಡಿ, ಮೂಲ ಕಡತವನ್ನು ಮುಟ್ಟಬೇಡಿ.

---

ಗೆರೆ_ಮುಳ್ಳು

ಮನೆಯವರಿಗೆ ಕಳಿಸುವುದು ಸರಿ, ಯೂಟ್ಯೂಬಿಗೆ ಹಾಕುವ ಮೊದಲು ವರ್ಷ ನೋಡಿಕೊಳ್ಳಿ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಮೂಲ ಕಡತದಲ್ಲಿ ಹಾಡಿನ ಮುಂಚಿನ ಹತ್ತು ಸೆಕೆಂಡು ಕತ್ತರಿಸಬೇಡಿ. ಮುಳ್ಳು ಇಳಿದ ಸದ್ದು, ಖಾಲಿ ಗೆರೆಯ ಸರಸರ, ಆಮೇಲೆ ಹಾಡು. ಅಜ್ಜನ ಜೊತೆ ಕೂತು ಕೇಳಿದವರು ಆ ಹಾಡನ್ನು ಗುರುತು ಹಿಡಿಯುವುದು ಅಲ್ಲಿಂದಲೇ. ಕಡತದ ಹೆಸರಲ್ಲಿ ಪ್ಲೇಟಿನ ನಂಬರು, ಬದಿ 1 ಅಥವಾ 2, ಜೊತೆಗೆ ಕವರಿನ ಮೇಲೆ ಅಜ್ಜ ಬರೆದ ದಿನಾಂಕ ಸೇರಿಸಿ.